ಕಾಕಂಬಿಯಿಂದ ಕಾರ್ಬ್ಯುರೇಟರ್‌ಗೆ

ಕೊಯಮತ್ತೂರಿನ ಆರ್.ಎಸ್. ಪುರಂ ದಾಟಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಕಬ್ಬು ತಳಿ ಸಂಶೋಧನಾ ಸಂಸ್ಥೆ ಸಿಗುತ್ತದೆ. ನಮ್ಮ ಗಾಡಿಗಳ ಟ್ಯಾಂಕಿಗೆ ಇವತ್ತು ಬೀಳುತ್ತಿರುವ ಎಥನಾಲ್‌ನ ಕಥೆಯನ್ನು ನಾನು ಅಲ್ಲಿಂದಲೇ ಹೇಳಬೇಕು.

1912ರಲ್ಲಿ ಶುರುವಾದ ಆ ಕೇಂದ್ರದಲ್ಲಿ ವಿಜ್ಞಾನಿಗಳಾದ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ರಸ ತುಂಬಿದ ದಪ್ಪ ಕಬ್ಬಿಗೆ ಕಡ್ಡಿಯಂಥ ಕಾಡುಕಬ್ಬಿನ ಸಂಕರ ಮಾಡಿಸಿದರು. 1918ರಲ್ಲಿ ಆ ಸಂಕರದ ಕೋ 205 ತಳಿ ಹೊರಬಂತು. ‘ಕೋ’ ಅಂದರೆ ಕೊಯಮತ್ತೂರು. ನಮ್ಮ ಮಂಡ್ಯದ ಗದ್ದೆಗಳಲ್ಲಿ ದಶಕಗಳ ಕಾಲ ಬೆಳೆದ ಕೋ 62175 ಕೂಡ ಇದೇ ಮನೆಯದು. ಕಬ್ಬು ಹೆಚ್ಚಿದಂತೆ ಸಕ್ಕರೆ ಹೆಚ್ಚಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯೂ ಹೆಚ್ಚಿತು.

ಕಾಕಂಬಿಯನ್ನು ಹುಳಿಸಿ, ಭಟ್ಟಿ ಇಳಿಸಿ, ನೀರಿನಂಶ ತೆಗೆದರೆ ಪೆಟ್ರೋಲಿಗೆ ಬೆರೆಯುವ ಎಥನಾಲ್. 1948ರಲ್ಲೇ ಇದಕ್ಕೊಂದು ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಶೇ. 5ರ ಮಿಶ್ರಣ ಶುರುವಾಯಿತು. 2022ರ ಜೂನ್‌ಗೆ ಶೇ. 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20ರ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಮೊದಲ ಹೆಜ್ಜೆಗೆ ದಶಕಗಳು ಹಿಡಿದವು, ಕೊನೆಯದಕ್ಕೆ ಕೆಲವೇ ವರ್ಷಗಳು. ಹಳೆಯ ಗಾಡಿಗಳ ಕಷ್ಟ ಇರುವುದು ಈ ಅವಸರದಲ್ಲಿ.

ನನ್ನ ಸ್ಕೂಟರ್ 2005ರದು. ಆರ್.ಎಸ್. ಪುರಂನ ಮೆಕ್ಯಾನಿಕ್ ಒಬ್ಬರು ಅದರ ಪೆಟ್ರೋಲ್ ಪೈಪ್ ಬಿಚ್ಚಿ ನನ್ನ ಕೈಗಿಟ್ಟರು. ಬಗ್ಗಿಸಿದೆ, ಒಣಗಿದ ಹುಣಸೆ ಬರಲಿನಂತೆ ಚಟ್ಟೆಂದು ಮುರಿಯಿತು. ಎಲ್ಲ ತಪ್ಪೂ ಎಥನಾಲ್‌ನದಲ್ಲ, ಇಪ್ಪತ್ತು ವರ್ಷಕ್ಕೆ ರಬ್ಬರು ತಾನಾಗಿಯೂ ಗಟ್ಟಿಯಾಗುತ್ತದೆ. ಆದರೆ ಆ ಕಾಲದ ರಬ್ಬರನ್ನು ಇಷ್ಟು ಎಥನಾಲ್ ತಡೆಯಲೆಂದು ಮಾಡಿರಲಿಲ್ಲ ಎಂಬುದೂ ನಿಜ.

ಹೊಗೆ ಕಡಿಮೆಯಾಗುವುದು ಮಾತ್ರ ಸುಳ್ಳಲ್ಲ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಇಂಧನ ಚೆನ್ನಾಗಿ ಉರಿಯುತ್ತದೆ. ನೀತಿ ಆಯೋಗದ 2021ರ ವರದಿಯ ಪ್ರಕಾರ, ಶೇ. 20ರ ಮಿಶ್ರಣದಲ್ಲಿ ದ್ವಿಚಕ್ರ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕೆ ಇಳಿಯುತ್ತದೆ, ಕಾರುಗಳದು ಶೇ. 30ರಷ್ಟು. ಹಳೆಯ ಕಾರುಗಳ ಮೈಲೇಜ್ ಶೇ. 6ರಿಂದ 7 ಕುಸಿಯುತ್ತದೆಂದು ಹೇಳಿದ್ದೂ ಅದೇ ವರದಿ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆ ನಷ್ಟವನ್ನು ಹಳೆಯ ಗಾಡಿಯವರೇ ಏಕೆ ಹೊರಬೇಕು? ಅವರಿಗಾಗಿ ಬಂಕಿನಲ್ಲಿ ಕಡಿಮೆ ಮಿಶ್ರಣದ ಒಂದು ಪಂಪಾದರೂ ಉಳಿಯಬೇಕಿತ್ತು.

ಅಂಥ ಪಂಪ್ ಸಿಗುವವರೆಗೆ ಹಳೆಯ ಗಾಡಿಯ ಪೈಪ್, ವಾಷರ್, ಓ-ರಿಂಗ್‌ಗಳನ್ನು ಬದಲಾಯಿಸಿಕೊಳ್ಳಿ. ಎಥನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಮೂಲೆಯಲ್ಲಿ ನಿಲ್ಲಿಸಬೇಡಿ.