ಕಣ್ಣೊಳಗಿನ ನೊಣಗಳು

ಓದುತ್ತಿರುವ ಹಾಳೆಯ ಮೇಲೆ ನೊಣವೊಂದು ಕುಳಿತಂತೆ ತೋರುತ್ತದೆ; ಕೈಯಾಡಿಸಿದರೆ ಏಳದು, ಕನ್ನಡಕ ಒರೆಸಿದರೂ ಅಳಿಯದು, ನೋಟ ಹೊರಳಿದತ್ತ ತಾನೂ ತೇಲುತ್ತದೆ. ಕೇಳುಗರಲ್ಲಿ ದಪ್ಪಗಾಜಿನ ಕನ್ನಡಕದವರಿಗೆ ಇದರ ಪರಿಚಯವುಂಟು. ಲ್ಯಾಟಿನ್ ಭಾಷೆಯ ವೈದ್ಯಗ್ರಂಥಗಳಲ್ಲಿಯೂ ಇದರ ಹೆಸರು ‘ಹಾರುವ ನೊಣಗಳು’ ಎಂದೇ.

ಕಣ್ಣುಗುಡ್ಡೆಯ ಒಡಲನ್ನು ತುಂಬಿರುವುದು ತಿಳಿಯಾದ ಒಂದು ಲೋಳೆ. ಅದರಲ್ಲಿ ನೂರಕ್ಕೆ 98 ಪಾಲು ನೀರೇ. ಅಷ್ಟು ನೀರನ್ನು ಹಿಡಿದು ನಿಲ್ಲಿಸುವಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನವಿರಾದ ಎಳೆಗಳ ಬಲೆಗೆ ದೊಡ್ಡ ಪಾತ್ರವಿದೆ. ಸುಮಾರು 24 ಮಿಲಿಮೀಟರ್ ಉದ್ದವಿರಬೇಕಾದ ಕಣ್ಣು ತೀವ್ರ ಸಮೀಪದೃಷ್ಟಿಯಲ್ಲಿ 26ನ್ನೂ ಮೀರಿ ಬೆಳೆಯುತ್ತದೆ. ಹೊರಗೋಡೆಯ ಕೊಲಾಜೆನ್ ಕ್ಷೀಣಿಸಿ ಗೋಡೆ ತೆಳುವಾಗುತ್ತದೆ. ಒಳಗೋ, ಮುಪ್ಪಿನಲ್ಲಿ ಆಗಬೇಕಾದುದು ಯೌವನದಲ್ಲಿಯೇ ಮೊದಲಾಗುತ್ತದೆ: ಎಳೆಗಳು ಕಂತೆಗಟ್ಟುತ್ತವೆ, ಲೋಳೆ ನೀರಾಗುತ್ತದೆ. ನಾವು ಕಾಣುವ ನೊಣ, ಅಕ್ಷಿಪಟಲದ ಮೇಲೆ ಬೀಳುವ ಆ ಕಂತೆಗಳ ನೆರಳು.

ಹಳೆಯ ಒಂದೆರಡು ನೊಣಗಳಿಗೆ ಅಂಜಬೇಕಾಗಿಲ್ಲ. ಆದರೆ ಕುಗ್ಗುವ ಲೋಳೆ ಅಕ್ಷಿಪಟಲವನ್ನು ಜಗ್ಗಿ ಹರಿದರೆ, ಆ ಹರುಕಿನೊಳಗೆ ನೀರು ನುಗ್ಗಿ ಪಟಲವನ್ನೇ ಎಬ್ಬಿಸಿಬಿಡಬಹುದು. ಸ್ವಿಟ್ಜರ್ಲೆಂಡಿನ ವೈದ್ಯ ಜೂಲ್ ಗೊನಿನ್ 1920ರ ದಶಕದಲ್ಲಿ ಹರುಕನ್ನು ಹುಡುಕಿ, ಸುಟ್ಟು ಮುಚ್ಚುವ ದಾರಿ ತೋರುವವರೆಗೆ ಅಂಥ ಕಣ್ಣಿಗೆ ಬಹುಮಟ್ಟಿಗೆ ಕತ್ತಲೆಯೇ ಗತಿಯಾಗಿತ್ತು. ಈಗ ಹಾಗಿಲ್ಲ, ಆದರೆ ಹೊತ್ತು ಮೀರಬಾರದು. ಹಠಾತ್ತನೆ ನೊಣಗಳ ಹಿಂಡೆದ್ದರೆ, ಕಣ್ಣಂಚಿನಲ್ಲಿ ಮಿಂಚು ಹೊಳೆದರೆ, ಪರದೆಯೊಂದು ಇಳಿದಂತಾದರೆ, ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು.