ಮಾತಿಗೆ ಅಂಕ ಕೊಡಬೇಕೇ?



ರೈತ ಗುಂಪುಗಳ ಸಭೆಯಲ್ಲಿ ಮಾತನಾಡುವವರು ನಾಲ್ಕಾರು ಮಂದಿ. ಉಳಿದವರು ಕೇಳಿ ಎದ್ದು ಹೋಗುತ್ತಾರೆ. ಮಾತನಾಡಿದವರಿಗೆ ಪ್ರತಿಸಲ ಒಂದು ಅಂಕ ಕೊಟ್ಟು, ವರ್ಷದ ಕೊನೆಗೆ ಬಹುಮಾನವಿತ್ತರೆ ಎಲ್ಲರೂ ಮುಂದೆ ಬಂದಾರೆಂಬ ಸಲಹೆಯುಂಟು. ಇದು ಸರಿಯೇ?

ಹಾಲಿನ ಸಂಘವನ್ನು ನೋಡಿರಿ. ಬರಿಯ ಲೀಟರಿನ ಲೆಕ್ಕದಲ್ಲಿ ಹಣ ಕೊಟ್ಟರೆ ಹಾಲಿಗೆ ನೀರು ಸೇರುತ್ತದೆ. ಆದ್ದರಿಂದಲೇ ಅಲ್ಲಿ ಅಳತೆಯೊಡನೆ ಜಿಡ್ಡಿನಂಶ ಹಾಗೂ ಜಿಡ್ಡೇತರ ಘನಾಂಶಗಳನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಮಾತನ್ನು ಎಣಿಸಿ ಅಂಕ ಕೊಟ್ಟರೂ ಹಾಗೆಯೇ. ಮಾತು ಹೆಚ್ಚೀತು, ಹುರುಳು ತೆಳುವಾದೀತು. ಅಂಕದಾಸೆಗೆ ಒಬ್ಬನು ಹೇಳಿದ ಔಷಧಿಯನ್ನು ನಂಬಿ ಸಿಂಪಡಿಸಿದರೆ ನಷ್ಟವಾಗುವುದು ನೆರೆಯವನ ಬೆಳೆಗೆ.

1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿಯು ಅಂದಿನ ಮುಂಬಯಿ ರಾಜ್ಯದ ಹಲವು ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ನಡೆಸಿತು. ಹಳ್ಳಿಗರು ಕಾರ್ಯಕ್ರಮ ಕೇಳಿ, ಚರ್ಚಿಸಿ ಕಳುಹಿಸಿದ ಪ್ರಶ್ನೆಗಳಿಗೆ ಮುಂದಿನ ಪ್ರಸಾರಗಳಲ್ಲಿ ಉತ್ತರ ದೊರೆಯುತ್ತಿತ್ತು. ತನ್ನ ಪ್ರಶ್ನೆಗೆ ಉತ್ತರ ಬರುವುದಾದರೆ ಸಂಕೋಚದವನೂ ಬಾಯಿ ತೆರೆಯುತ್ತಾನೆ.

ಅಂಕ ಕೊಡಲೇಬೇಕೆಂದಿದ್ದರೆ, ಹೇಳಿದ ಕ್ರಮವನ್ನು ಹೊಲದಲ್ಲಿ ಮಾಡಿ ನೋಡಿದ ಮೇಲೆ, ಸುಗ್ಗಿ ಮುಗಿದ ಬಳಿಕ, ಅದರಿಂದ ಲಾಭ ಪಡೆದವರೇ ಕೊಡಲಿ. ವಿಸ್ತರಣಾ ಕಾರ್ಯಕರ್ತರು ಮಾತಿನ ಲೆಕ್ಕ ಬಿಟ್ಟು, ಉತ್ತರ ಕೊಡಬೇಕಾದ ಪ್ರಶ್ನೆಗಳ ಲೆಕ್ಕ ಇಡಲಿ.