ಪಿಕ್ ಏಕೆ ಜಾರುತ್ತದೆ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಜಾತ್ರೆಗೋ ಗಣೇಶೋತ್ಸವಕ್ಕೋ ರಸಮಂಜರಿ ನಡೆದರೆ ನಮ್ಮ ಕಣ್ಣು ಹಾಡುವವರ ಮೇಲಿರುತ್ತದೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುವ ಬೇಸ್ ಗಿಟಾರಿನವರನ್ನು ಗಮನಿಸುವವರು ಕಡಿಮೆ. ಅವರು ಒಂದು ಗಳಿಗೆ ನಿಲ್ಲಿಸಿದರೆ ಮಾತ್ರ ಹಾಡಿನ ಬುಡವೇ ಅಲುಗಿದಂತೆ ಅನಿಸುತ್ತದೆ. ಹಾಗೆ ನಿಲ್ಲುವುದಕ್ಕೆ ಅನೇಕ ಸಲ ಕಾರಣ ಬಹಳ ಸಣ್ಣದು: ಕೈಯಲ್ಲಿದ್ದ ಪಿಕ್ ಜಾರಿ ಬಿದ್ದಿರುತ್ತದೆ.

ಈ ವಾದ್ಯವನ್ನು ಬರಿ ಬೆರಳಿನಿಂದಲೂ ನುಡಿಸಬಹುದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ, ಅಮೆರಿಕದ ಕ್ಯಾರಲ್ ಕೇ ಅವರಂಥವರು ಪಿಕ್ ಹಿಡಿದೇ ಹೆಸರಾದರು. ಪಿಕ್ಕಿನಿಂದ ಹೊರಡುವ ನಾದಕ್ಕೆ ಚೂಪಾದ ಆರಂಭವಿರುತ್ತದೆ. ಡ್ರಮ್ಮಿನ ಸದ್ದಿನ ನಡುವೆಯೂ ಅದು ಕೇಳಿಸುತ್ತದೆ.

ಈಗ ಸ್ವಲ್ಪ ಭೌತಶಾಸ್ತ್ರ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸುಮಾರು 2.7 ಮಿಲಿಮೀಟರ್ ಇರುತ್ತದೆ. ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇಂಥ ತಂತಿಯನ್ನು ಮೀಟಿದಾಗ ಅದು ಪಿಕ್ಕನ್ನು ತಿರುಗಿ ತಳ್ಳುತ್ತದೆ. ಆಗ ಪಿಕ್ ನೇರವಾಗಿ ಬೆರಳಿನಿಂದ ಹೊರಬರುವುದಿಲ್ಲ. ಮೊದಲು ಬೆರಳುಗಳ ನಡುವೆ ತಿರುಗುತ್ತದೆ, ಆಮೇಲೆ ಜಾರುತ್ತದೆ. ಮುಂದಿನ ಸಲ ನಿಧಾನವಾಗಿ ಮೀಟಿ ನೋಡಿ, ಕಾಣುತ್ತದೆ. ಊರಿನ ಕೈಪಂಪಿನ ಹಿಡಿ ಉದ್ದವಿದ್ದಷ್ಟೂ ಒತ್ತುವುದು ಸುಲಭ, ಅಲ್ಲವೇ? ಇಲ್ಲಿಯೂ ಅದೇ ಲೆಕ್ಕ, ಆದರೆ ಲಾಭ ತಂತಿಗೆ. ಪಿಕ್ಕಿನ ತುದಿ 10 ಮಿಲಿಮೀಟರ್ ಹೊರಗಿದ್ದರೆ ತಂತಿಯ ತಿರುಗಿಸುವ ಶಕ್ತಿ, 5 ಮಿಲಿಮೀಟರ್ ಇದ್ದಾಗಿನದಕ್ಕಿಂತ ಎರಡರಷ್ಟಾಗುತ್ತದೆ.

ಜಾರಿದೊಡನೆ ನಾವು ಮಾಡುವುದೇನು? ಇನ್ನಷ್ಟು ಒತ್ತಿ ಹಿಡಿಯುತ್ತೇವೆ. ಪರೀಕ್ಷೆಯಲ್ಲಿ ಪೆನ್ನನ್ನು ಹಿಸುಕಿ ಹಿಡಿದವರ ಬೆರಳು ನಾಲ್ಕನೆಯ ಪುಟಕ್ಕೇ ನೋಯುವುದು ನಿಮಗೆ ಗೊತ್ತು. ಇಲ್ಲಿ ಬೆರಳಿನ ಬಿಗಿ ಮಣಿಕಟ್ಟಿಗೆ, ಅಲ್ಲಿಂದ ಮೊಳಕೈಗೆ ಏರುತ್ತದೆ, ತಾಳ ತಪ್ಪುತ್ತದೆ. ಕಲಿಸುವವರಿಲ್ಲದ ಊರಿನಲ್ಲಿ ಕ್ಯಾಸೆಟ್ಟನ್ನೋ ಈಗಿನ ಮೊಬೈಲನ್ನೋ ಕೇಳಿ ಒಬ್ಬರೇ ಕಲಿಯುವ ಹುಡುಗ ಹುಡುಗಿಯರು ನೋವನ್ನೇ ಸಾಧನೆಯೆಂದು ತಿಳಿದುಬಿಡುತ್ತಾರೆ. ಅದು ಸಾಧನೆಯಲ್ಲ. ದಿನಗಟ್ಟಲೆ ನೋವು ಉಳಿದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ತೋರುಬೆರಳನ್ನು ಮಡಿಸಿ, ಅದರ ತುದಿಗೆಣ್ಣಿನ ಪಕ್ಕದಲ್ಲಿ ಪಿಕ್ ಇಡಿ. ಹೆಬ್ಬೆರಳಿನ ತುದಿಯಲ್ಲದೆ ಅದರ ಮೆತ್ತನೆಯ ಭಾಗ ಪೂರ್ತಿ ಪಿಕ್ಕಿನ ಮೇಲೆ ಅಡ್ಡಲಾಗಿ ಕೂರಲಿ. ಹೀಗೆ ಹಿಡಿದಾಗ ಬೆರಳು ತಾಗುವ ಜಾಗ ಅಗಲವಾಗಿ, ಪಿಕ್ ತಿರುಗುವುದು ಕಷ್ಟವಾಗುತ್ತದೆ. ತುದಿ ಸ್ವಲ್ಪವೇ ಹೊರಗಿರಲಿ. ಉಳಿದ ಬೆರಳುಗಳು ಸಡಿಲ. ಪಿಕ್ ತೀರ ತೆಳ್ಳಗಿದ್ದರೆ ಈ ತಂತಿಗಳಿಗೆ ಬಾಗಿಹೋಗುತ್ತದೆ.

ಇನ್ನು ಬೆವರು. ಪಾವಗಡದ ಬೇಸಿಗೆಯಲ್ಲಿ, ವೇದಿಕೆಯ ದೀಪಗಳ ಕೆಳಗೆ, ಒದ್ದೆ ಬೆರಳಿನಲ್ಲಿ ನುಣುಪಾದ ಪ್ಲಾಸ್ಟಿಕ್ ನಿಲ್ಲದು. ತೀರ ಒಣಗಿದ ಚರ್ಮವೂ ಜಾರುತ್ತದೆ ಎಂಬುದು ಮಾತ್ರ ಹಲವರಿಗೆ ಆಶ್ಚರ್ಯ. ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುವ ಮುನ್ನ ಬೆರಳನ್ನು ತೇವ ಮಾಡಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಹದವಾದ ತೇವದಲ್ಲಿ ಘರ್ಷಣೆ ಹೆಚ್ಚು. ಆದ್ದರಿಂದ ಪೌಡರ್ ಬಳಿಯಬೇಡಿ. ಹತ್ತಿಯ ಬಟ್ಟೆಯಲ್ಲಿ ಒರೆಸಿಕೊಂಡರೆ ಸಾಕು. ಪಿಕ್ಕಿನ ಮೇಲೆ, ಬೆರಳು ಕೂರುವ ಕಡೆ ಮಾತ್ರ, ಸೂಜಿಯಿಂದ ಅಡ್ಡಡ್ಡ ಗೀರು ಹಾಕಬಹುದು. ತುದಿಯನ್ನು ಮುಟ್ಟಬೇಡಿ, ಅದು ತಂತಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ಹಳೆಯ ವಾದಕರು ಈ ತೊಂದರೆಯನ್ನು ಎಂದೋ ಬಿಡಿಸಿದ್ದಾರೆ. ಸಿತಾರಿನ ತಂತಿಯ ಮಿಜ್ರಾಬನ್ನು ಬೆರಳಿಗೇ ತೊಡಿಸುತ್ತಾರೆ, ಸುಲಭವಾಗಿ ಬೀಳದು. ಸರೋದಿನ ಮೀಟುಕ, ಜವಾ, ಹೆಚ್ಚಾಗಿ ತೆಂಗಿನ ಚಿಪ್ಪಿನದು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಪಂಡಿತ್ ರಾಜೀವ ತಾರಾನಾಥರು ನುಡಿಸುತ್ತಿದ್ದ ವಾದ್ಯವದು. ಶಿರಾ, ಕೊರಟಗೆರೆಯ ಮನೆಗಳಲ್ಲಿ ಚಿಪ್ಪಿಗೆ ಬರವೇ? ಗರಗಸದ ಬ್ಲೇಡಿನಿಂದ ಕತ್ತರಿಸಿ, ಅರದಿಂದ ಉಜ್ಜಿ, ಮರಳು ಕಾಗದದಿಂದ ನಯ ಮಾಡಿದರೆ ಪಿಕ್ ಸಿದ್ಧ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಕ್ಕಿನ ಸುರುಳಿ ಸುತ್ತಿದ ತಂತಿಗೆ ಅದು ಬೇಗ ಸವೆಯಬಹುದು. ಎರಡು ಮೂರು ಮಾಡಿಟ್ಟುಕೊಂಡು, ಕಾರ್ಯಕ್ರಮದ ದಿನ ಒಂದನ್ನು ಮೈಕಿನ ಕಂಬಕ್ಕೆ, ಕತ್ತಲಲ್ಲೂ ಕೈಗೆ ಸಿಗುವಂತೆ, ಟೇಪಿನಿಂದ ಅಂಟಿಸಿಡಿ.